ಬಂದೂಕಿನ ಅಭ್ಯಂಜನ

ನನಗೆ ನೆನಪಿನ ಮೇಲೆ ನಂಬಿಕೆಯಿಲ್ಲ. ತಪ್ಪೊಪ್ಪಿಗೆಯ ಹಾಗೆ ಹೇಳಬೇಕೆಂದು ಹೊರಟರೂ ಈ ಮಾತಿನೊಳಗೆ ಸ್ವಲ್ಪ ಜಂಬ ಬಂದು ಸೇರಿಕೊಳ್ಳುತ್ತದೆ. ನೆನಪೆಂಬುದು ಸಂತೆಯಲ್ಲಿ ಕೊಂಡ ತುಪ್ಪದ ಹಾಗೆ. ಮೂಗಿಗೆ ಹಿಡಿದರೆ ಘಮಘಮ, ಮನೆಗೆ ತಂದು ಕಾಸಿದರೆ ಅರ್ಧಕ್ಕರ್ಧ ಬೇರೆ ಏನೋ. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನಮಗೆ ಚರಿತ್ರೆ ಹೇಳುತ್ತಿದ್ದವರು, ಯಾವ ಮಾತನ್ನು ಕೇಳಿದರೂ ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಮೂರು ಪ್ರಶ್ನೆ ಹಾಕದೆ ನಂಬಕೂಡದು ಎಂದು ಕಲಿಸಿದರು. ನಾನು ಮಧುಗಿರಿಗೆ ವಾಪಸು ಬಂದು, ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಾಗಿ, ಮೊದಲ ವಾರವೇ ಈ ಮೂರು ಪ್ರಶ್ನೆಗಳನ್ನು ನನ್ನ ಅವ್ವನ ಮೇಲೆ ಪ್ರಯೋಗಿಸಿದೆ. ಪಕ್ಕದ ಮನೆಯ ಹುಡುಗಿಗೆ ಗಂಡು ಗೊತ್ತಾಯಿತೆಂದು ಆಕೆ ಸಂತೋಷದಿಂದ ಹೇಳಲು ಬಂದಿದ್ದಳು. ಮೂರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಅವ್ವ ಎದ್ದು ಒಳಗೆ ಹೋದಳು. ಆಮೇಲೆ ಒಂದು ತಿಂಗಳು ನನಗೆ ಊರಿನ ಯಾವ ಸುದ್ದಿಯೂ ಸಿಗಲಿಲ್ಲ.

ಆದ್ದರಿಂದ ನಾನು ದಿನಚರಿ ಬರೆಯುತ್ತೇನೆ. ಹತ್ತನೆಯ ವಯಸ್ಸಿನಿಂದಲೂ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾವುದಾದರೂ ಹಳೆಯ ವಿಷಯಕ್ಕೆ ವಾಗ್ವಾದ ಹತ್ತಿದರೆ ನಾನು ಮಾತಾಡದೆ ಎದ್ದು ಹೋಗಿ ಆ ವರ್ಷದ ಪುಸ್ತಕ ತಂದು ಓದುತ್ತೇನೆ. ಇದರಿಂದ ಸತ್ಯ ಉಳಿದಿದೆ, ಪ್ರೀತಿ ಸ್ವಲ್ಪ ಕಡಿಮೆಯಾಗಿದೆ. ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಈಗ ನಾನು ಹೇಳಹೊರಟಿರುವುದು ನನ್ನ ಜೀವಮಾನದಲ್ಲಿ ಕೈಯಾರೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು. ಒಂದು ಹಳೆಯ ದಂಡಿನ ಬಂದೂಕಿನ ಮರವನ್ನು ನಲವತ್ತು ದಿನ ತಿಕ್ಕಿ ತೀಡಿ ಎಣ್ಣೆ ಕುಡಿಸಿ ಕನ್ನಡಿಯ ಹಾಗೆ ಮಾಡಿದ ಕತೆ ಅದು. ಹೆಮ್ಮೆಯ ವಿಷಯ ಹೇಳುವಾಗ ಮನುಷ್ಯ ಎಷ್ಟು ಸತ್ಯವಂತನಾಗಿರುತ್ತಾನೆಂಬುದು ನನಗೆ ಗೊತ್ತು. ಓದುವವರಿಗೂ ಗೊತ್ತಿರಲಿ.

ಬಂದೂಕು ನನ್ನ ತಾತನದು. ತಾತ ಮಹಾರಾಜರ ದಂಡಿನಲ್ಲಿದ್ದು ಹವಾಲ್ದಾರರಾಗಿ ಬಿಟ್ಟುಬಂದವರು. ದಂಡಿಗೆ ಹೊಸ ಬಂದೂಕುಗಳು ಬಂದಾಗ ಹಳೆಯವುಗಳಲ್ಲಿ ಒಂದನ್ನು ಲೈಸೆನ್ಸಿನ ಸಮೇತ ಅವರಿಗೆ ಕೊಟ್ಟರಂತೆ. ಒಂದು ಸಲಕ್ಕೆ ಒಂದೇ ಗುಂಡು. ಹೊಟ್ಟೆಯ ಕೆಳಗೆ ಒಂದು ಕಬ್ಬಿಣದ ಹಿಡಿ, ಅದನ್ನು ಕೆಳಕ್ಕೆಳೆದರೆ ಮೇಲೆ ಬಾಯಿ ತೆರೆಯುತ್ತದೆ. ಅದಕ್ಕೆ ಹಾಕುವ ಗುಂಡು ಎಲ್ಲೂ ಸಿಗದೆ ಎಷ್ಟೋ ವರ್ಷವಾಗಿತ್ತು. ಪುರವರದ ಕಡೆಯ ನಮ್ಮ ಹೊಲಕ್ಕೆ ಬರುವ ಕಾಡುಹಂದಿಗಳಿಗೂ ಈ ಸಂಗತಿ ತಿಳಿದಿತ್ತೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಬಂದೂಕು ಮಾಡುತ್ತಿದ್ದ ಕೆಲಸವೆಂದರೆ ನಡುಮನೆಯ ಗೋಡೆಯ ಗೂಟದ ಮೇಲೆ ಮಲಗಿರುವುದು, ಮತ್ತು ಆಯುಧಪೂಜೆಯ ದಿನ ಕೆಳಗಿಳಿದು ಪೂಜೆ ಮಾಡಿಸಿಕೊಳ್ಳುವುದು.

ಆ ಪೂಜೆಯ ಕ್ರಮವನ್ನು ಸ್ವಲ್ಪ ಹೇಳಬೇಕು, ಎಲ್ಲ ಅನರ್ಥವೂ ಅಲ್ಲಿಂದಲೇ ಹೊರಟಿತು. ನನ್ನ ಅಜ್ಜಿ ಬದುಕಿರುವವರೆಗೂ ತಾನೇ ಪೂಜೆ ಮಾಡುತ್ತಿದ್ದಳು. ಮೊದಲು ಬಂದೂಕಿನ ಮರಕ್ಕೆಲ್ಲ ಹರಳೆಣ್ಣೆ ಸವರುವುದು. ಆಮೇಲೆ ವಿಭೂತಿಗೆ ಗಂಧ ಕಲಸಿ, ಮೂರು ಬೆರಳಿನಲ್ಲಿ ಅದ್ದಿ, ಮರದ ಎಡ ಮಗ್ಗುಲಿಗೆ ದಪ್ಪಗೆ ಎಳೆಯುವುದು. ಮೇಲೊಂದು ಕುಂಕುಮ, ಹೂವು, ಊದುಬತ್ತಿ. ಮಾರನೆಯ ದಿನ ಹೂವನ್ನು ತೆಗೆಯಬಹುದಾಗಿತ್ತು. ಆದರೆ ಶಿವನ ಹೆಸರು ಹೇಳಿ ಹಚ್ಚಿದ ವಿಭೂತಿಯನ್ನು ಒರೆಸಕೂಡದೆಂಬುದು ಅಜ್ಜಿಯ ಕಟ್ಟುನಿಟ್ಟು. ಮುಂದಿನ ವರ್ಷ ಅದರ ಮೇಲೇ ಎಣ್ಣೆ, ಅದೇ ಮೂರು ಪಟ್ಟೆಯ ಮೇಲೇ ಮತ್ತೆ ಮೂರು ಪಟ್ಟೆ. ಅಜ್ಜಿ ಹೋದ ಮೇಲೆ ಅವ್ವ ಎಣ್ಣೆ ಮತ್ತು ಕುಂಕುಮವನ್ನು ಮುಂದುವರಿಸಿದಳು. ಹೀಗೆ ಬಂದೂಕಿನ ಮರ ದೇವರ ಗುಡಿಯ ದೀಪದ ಕಂಬದಂತೆ ಕಪ್ಪಾಗಿ, ಜಿಡ್ಡಾಗಿ, ಒಲೆಯ ಮಸಿಯನ್ನೂ ಬೀದಿಯ ಧೂಳನ್ನೂ ಮೈಮೇಲೆ ಎಳೆದುಕೊಂಡು, ಅದರಡಿಯಲ್ಲಿ ಮರವಿದೆಯೆಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾದ ಸ್ಥಿತಿಗೆ ಬಂತು.

ಈ ಬಂದೂಕಿಗೆ ಒಂದು ಕೀರ್ತಿಯಿತ್ತು. ತಾತ ಅದರಿಂದ ಮೂರು ಚಿರತೆ ಹೊಡೆದರೆಂದೂ, ಒಂದೊಂದಕ್ಕೆ ಒಂದೊಂದರಂತೆ ಮರದ ಮೇಲೆ ಮೂರು ಗೀರು ಕೊರೆದರೆಂದೂ ಪೇಟೆಗೆಲ್ಲ ಗೊತ್ತಿತ್ತು. ಮೊದಲನೆಯದು ನಮ್ಮ ಬೆಟ್ಟದ ಹಿಂದೆ, ಎರಡನೆಯದು ದೊಡ್ಡೇರಿಯ ಹತ್ತಿರ, ಮೂರನೆಯದು ಮದಲೂರು ಕೆರೆಯ ಏರಿಯ ಮೇಲೆ. ಜವಳಿ ಅಂಗಡಿಯಲ್ಲಿ ಅಪ್ಪ ಗಿರಾಕಿಗಳಿಗೆ ಇದನ್ನು ಹೇಳುತ್ತಿದ್ದರು. ಹೇಳುವಾಗ ಬಟ್ಟೆ ಅಳೆಯುವ ಗಜಕಡ್ಡಿ ತಾನಾಗಿಯೇ ಅವರ ಹೆಗಲಿಗೆ ಏರಿಬಿಡುತ್ತಿತ್ತು. ತಾತ ತೀರಿಕೊಂಡಾಗ ನನಗೆ ಮೂರು ವರ್ಷ. ಆದರೂ ಅವರ ತೊಡೆಯ ಮೇಲೆ ಕೂತು ಈ ಕತೆ ಕೇಳಿದ ಹಾಗೆ ನನಗೂ ಒಂದು ನೆನಪಿತ್ತು. ನಮ್ಮ ಮನೆಯ ಎಲ್ಲ ಕತೆಗಳನ್ನೂ ಮೂರು ಪ್ರಶ್ನೆಗಳಿಂದ ಜರಡಿ ಹಿಡಿದಿದ್ದ ನಾನು ಇದೊಂದನ್ನು ಮುಟ್ಟಿರಲಿಲ್ಲ. ಏಕೆಂದರೆ ಇದಕ್ಕೆ ಲಿಖಿತ ಆಧಾರವಿತ್ತು. ಲೈಸೆನ್ಸು ಪುಸ್ತಕದಲ್ಲಿ ಹಿಂದಿನ ಕಾಲದ ಯಾವನೋ ಗುಮಾಸ್ತ ದುಂಡಗಿನ ಅಕ್ಷರದಲ್ಲಿ ಗುರುತು ಬರೆದಿದ್ದ: ‘ಮರದ ಎಡ ಮಗ್ಗುಲಲ್ಲಿ ಮೂರು ಗೀರು.’ ಚರಿತ್ರೆ ಓದಿದವನು ಇದಕ್ಕಿಂತ ಹೆಚ್ಚಿಗೆ ಏನು ಕೇಳಿಯಾನು?

ಲೈಸೆನ್ಸಿದ್ದವರು ವರ್ಷಕ್ಕೊಮ್ಮೆ ಬಂದೂಕನ್ನು ಕಚೇರಿಗೆ ಒಯ್ದು ತೋರಿಸಬೇಕಾಗಿತ್ತು. ಸಾಮಾನ್ಯವಾಗಿ ಶಿರಸ್ತೇದಾರರು ದೂರದಿಂದಲೇ ನೋಡಿ ರುಜು ಹಾಕುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಹಿಂದಿನ ವರ್ಷ ಹೊಸದಾಗಿ ಬಂದಿದ್ದ ಶಿರಸ್ತೇದಾರರು ಬಂದೂಕನ್ನು ಕೈಗೆ ತೆಗೆದುಕೊಂಡರು. ಮೇಜಿನ ಮೇಲೆ ಇಡಲು ಹೋದರೆ ಅದು ಅವರ ಅಂಗೈಯನ್ನು ಬಿಡಲಿಲ್ಲ. ಬಿಡಿಸಿಕೊಂಡು, ಒತ್ತುಕಾಗದಕ್ಕೆ ಕೈ ಒರೆಸಿ, ಕಾಗದವೂ ಕೈಗೆ ಅಂಟಿಕೊಂಡಾಗ ಅವರು ಸಮಾಧಾನವಾಗಿಯೇ ಕೇಳಿದರು, “ಏನ್ರೀ ಸಾಹುಕಾರ್ರೇ, ನೀವು ತಂದಿರೋದು ಬಂದೂಕೋ, ದೇವಸ್ಥಾನದ ಎಣ್ಣೆ ಗಿಂಡಿಯೋ?”

ಸುತ್ತ ನಿಂತವರು ನಕ್ಕರು. ಶಿರಸ್ತೇದಾರರು ಮುಂದುವರಿಸಿ, ಬರುವ ವರ್ಷ ಅಮಲ್ದಾರರೇ ಖುದ್ದಾಗಿ ನೋಡುತ್ತಾರೆ, ಹತಾರವನ್ನು ಸರಿಯಾಗಿ ಇಟ್ಟುಕೊಳ್ಳಲು ಬಾರದವರ ಲೈಸೆನ್ಸು ರದ್ದಾಗುತ್ತದೆ, ಬಂದೂಕು ಸರ್ಕಾರಕ್ಕೆ ಹೋಗುತ್ತದೆ ಎಂದರು. ಪ್ರತಿ ವರ್ಷ ಬಂದೂಕನ್ನು ಹೆಗಲ ಮೇಲಿಟ್ಟುಕೊಂಡು ಪೇಟೆಬೀದಿಯ ನಡುವೆ ಬರುತ್ತಿದ್ದ ಅಪ್ಪ ಆ ದಿನ ಅದನ್ನು ಉತ್ತರೀಯದಲ್ಲಿ ಸುತ್ತಿ ಹಿತ್ತಿಲ ಓಣಿಯಲ್ಲಿ ಮನೆಗೆ ಬಂದರು. ಗೂಟದ ಮೇಲಿಟ್ಟು ತುಂಬಾ ಹೊತ್ತು ನೋಡುತ್ತ ನಿಂತರು. ಆ ದಿನ ಅಂಗಡಿ ತೆಗೆಯಲಿಲ್ಲ.

ವರ್ಷ ತಿರುಗಿ ತನಿಖೆಯ ದಿನ ಹತ್ತಿರವಾದಾಗ ನಾನು, “ಅಪ್ಪ, ಆ ಮರವನ್ನು ನಾನು ಸರಿಮಾಡುತ್ತೇನೆ” ಎಂದೆ.

ಅಪ್ಪ ಕನ್ನಡಕದ ಮೇಲಿಂದ ನೋಡಿದರು. “ನೀನಾ? ಹೋದ ತಿಂಗ್ಳು ಕುರ್ಚಿ ಕಾಲಿಗೆ ಒಂದು ಮೊಳೆ ಹೊಡ್ಯಕ್ಕೋಗಿ ಕುರ್ಚೀನೇ ಸೀಳಿಬುಟ್ಟೆ ಕಣ್ಲಾ.”

“ಆ ಕುರ್ಚಿ ಮೊದಲೇ ಸೀಳಿತ್ತು. ದಿನಚರಿಯಲ್ಲಿ ಬರೆದಿದ್ದೇನೆ.”

“ಬರ್ದಿರ್ತೀಯ ಬುಡು” ಎಂದರು ಅಪ್ಪ. ಆದರೆ ಗೂಟದ ಮೇಲಿನಿಂದ ಬಂದೂಕನ್ನು ಇಳಿಸಿ ಅವರೇ ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. “ನಮ್ಮಪ್ಪನ ಹೆಸರಲ್ಲಿ ಈ ಮನೇಲಿ ಉಳ್ದಿರೋದು ಇದೊಂದೇ ಕಣಪ್ಪ. ಕಚೇರಿಯೋರು ಇಟ್ಕಂಡ್ರೆ ನಾನು ಆ ಗೋಡೆ ನೋಡಕ್ಕಾಗಲ್ಲ.”

ಸಿರಾದಲ್ಲಿ ಇಮಾಂ ಸಾಬರೆಂಬ ಮುದುಕರಿದ್ದರು. ಪ್ರಾಯದಲ್ಲಿ ದಂಡಿನ ಬಂದೂಕುಗಳಿಗೆ ಮರಗೆಲಸ ಮಾಡಿದವರು, ಈಗ ಮಂಚದ ಕಾಲುಗಳನ್ನು ಕಡೆದು ಬಣ್ಣ ಹಾಕುತ್ತಿದ್ದರು. ಅವರನ್ನು ಕೇಳಿಬರೋಣವೆಂದು, ಕಮ್ಮಾರನಿಂದ ಹಿಂಬದಿಯ ತಿರುಪು ಬಿಚ್ಚಿಸಿ, ಮರವನ್ನು ಮಾತ್ರ ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮಂಗಳವಾರ ಮೋಟಾರು ಹತ್ತಿದೆ. (ಸೋಮವಾರವೆಂದೇ ನನ್ನ ನೆನಪು. ದಿನಚರಿ ಮಂಗಳವಾರ ಎನ್ನುತ್ತದೆ.) ನನ್ನ ಪಕ್ಕದಲ್ಲಿ ಪಾವಗಡದ ಕಡೆಯ ಒಬ್ಬ ಮುದುಕಿ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ತೊಡೆಯ ಮೇಲಿನ ಗಂಟನ್ನು ನೋಡಿ, “ಏಮಪ್ಪಾ, ಮಗೂಗೆ ಜ್ವರನಾ? ಸದ್ದೇ ಇಲ್ಲ” ಎಂದಳು.

“ಮಗು ಅಲ್ಲ ಕಣಮ್ಮ, ಮರ.”

ಮುದುಕಿ ನನ್ನ ಮುಖವನ್ನು ಅನುಮಾನದಿಂದ ನೋಡಿ, ಗಂಟಿಗೆ ಮೂಗು ಹತ್ತಿರ ತಂದು, ಹರಳೆಣ್ಣೆಯ ವಾಸನೆ ಹಿಡಿದು, “ಅಯ್ಯೋ ರಾಮಾ, ಎಣ್ಣೆ ಹಚ್ಚಿರೋ ಬಿಡ್ಡನ್ನ ಗಾಳೀಲಿ ಕರ್ಕಂಡು ಬರ್ತಾರಾ? ತಲೆ ಕಡೆ ಮೇಲಕ್ಕಿಡ್ಕೋ ನಾಯನಾ” ಎಂದು ತಾನೇ ಸರಿಪಡಿಸಿದಳು. ಸಿರಾ ಬರುವವರೆಗೂ ನಾನು ತಾತನ ಬಂದೂಕನ್ನು ತಲೆ ಮೇಲಾಗಿ ಹಿಡಿದುಕೊಂಡು ಕೂತಿದ್ದೆ. ಬಿ.ಎ. ಪದವಿ ಇಂಥ ಸಮಯಗಳಲ್ಲಿ ಏನೂ ಸಹಾಯ ಮಾಡುವುದಿಲ್ಲ.

ಇಮಾಂ ಸಾಬರು ಗಂಟು ಬಿಚ್ಚಿ ಉಗುರಿನಿಂದ ಒಂದು ಕಡೆ ಕೆರೆದು ನೋಡಿದರು. “ಯಾ ಅಲ್ಲಾ. ಇದು ಅಖ್ರೋಟಿನ ಲಕ್ಡಿ ಮೇಷ್ಟ್ರೇ, ಎಲ್ಲಿಯದೋ ಚಳಿ ಸೀಮೆಯದು. ನೀವು ಇದಕ್ಕೆ ಹರಳೆಣ್ಣೆ ಹಚ್ಚಿ ಹಚ್ಚಿ ಬಾಣಂತಿ ಮಾಡಿ ಮಲಗಿಸಿದ್ದೀರಿ.”

“ಎಣ್ಣೆ ಒಳ್ಳೆಯದಲ್ಲವೇ ಸಾಬರೇ?”

“ಎಣ್ಣೆಯಲ್ಲಿ ಜಾತಿ ಇದೆ. ಅಗಸೆ ಎಣ್ಣೆ ಮರದ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ತದೆ, ಒಣಗ್ತದೆ. ಹರಳೆಣ್ಣೆ ಒಣಗೋದೇ ಇಲ್ಲ. ಹೊಸ್ತಿಲ ಮೇಲೆ ಕೂತು ರಸ್ತೇಲಿ ಹೋಗೋ ಧೂಳನ್ನೆಲ್ಲಾ ಬಾ ಬಾ ಅಂತ ಕರೀತದೆ. ಮೊದ್ಲು ಈ ಜಿಡ್ಡು ಇಳಿಸಿ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸಾಕು, ನೀರು ಹುಯ್ಯಬೇಡಿ. ಬಿಸಿಲಿಗೆ ಇಡಬೇಡಿ. ಗಾಜಿನ ಚೂರು ಹಿಡಿದ್ರೆ ನನ್ನ ಹತ್ರ ಬರಬೇಡಿ. ಜಿಡ್ಡು ಇಳಿದ ಮೇಲೆ ತನ್ನಿ, ಎಣ್ಣೆ ಕೊಡ್ತೀನಿ.”

ಮನೆಗೆ ಬಂದು, ಜಿಡ್ಡನ್ನು ಇಳಿಸುವುದು ಹೇಗೆಂದು ನಾನು ಯೋಚಿಸುತ್ತ ಕೂತಿರುವಾಗ ಅವ್ವ ಬಂದಳು. ವಿಷಯ ಕೇಳಿ ಅವಳಿಗೆ ಸಿಟ್ಟೇ ಬಂತು. “ಎಣ್ಣೆ ಜಿಡ್ಡು ತೆಗ್ಯದು ಹೆಂಗೆ ಅಂತ ಕೇಳಕ್ಕೆ ಸಿರಾಕ್ಕೆ ಹೋಗಿದ್ದೇನ್ಲಾ? ಹುಟ್ಟಿದಾಗಿಂದ ನಿನ್ ತಲೆ ಜಿಡ್ಡು ತೆಗ್ದೋಳು ನಾನಲ್ವಾ? ನಿನ್ ತಲೆಗೆ ಆಗಿದ್ದು ಈ ಮರಕ್ಕೆ ಆಗಲ್ವಾ? ಎಲ್ಡೂ ಒಂದೇ.”

ಹೀಗೆ ತಾತನ ಬಂದೂಕಿಗೆ ಅಭ್ಯಂಜನವಾಯಿತು. ಅವ್ವ ಸೀಗೆಪುಡಿಗೆ ಚಿಗರೆಪುಡಿ ಸೇರಿಸಿ ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿದಳು. ಮರವನ್ನು ಕಣ್ಣಿಗೊತ್ತಿಕೊಂಡು, “ಅತ್ತೆಮ್ಮ, ತಪ್ಪು ತಿಳ್ಕಬೇಡಿ” ಎಂದು ನನ್ನ ಅಜ್ಜಿಗೆ ಹೇಳಿ, ಮೆತ್ತಗೆ ಬಳಿದಳು. ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ಹಿಂಡಿದ ಬಟ್ಟೆಯಿಂದ ಒರೆಸಿದಳು. ತಂಬಿಗೆಯಲ್ಲಿ ನೀರು ಹೊಯ್ಯುವುದನ್ನು ತಡೆಯಲು ನಾನು ಇಮಾಂ ಸಾಬರ ಹೆಸರನ್ನು ನಾಲ್ಕು ಸಲ ಹೇಳಬೇಕಾಯಿತು. ಕೊನೆಗೆ ಬುಟ್ಟಿ ಕವುಚಿ ಸಾಂಬ್ರಾಣಿ ಹೊಗೆ ಹಾಕುವುದನ್ನು ಮಾತ್ರ ತಡೆಯಲಾಗಲಿಲ್ಲ. ತಲೆ ಒದ್ದೆಯಿದ್ದರೆ ಶೀತವಾಗುತ್ತದೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ.

ಮೊದಲನೆಯ ಎರೆತದಲ್ಲಿ ಮೇಲಿನ ಮಸಿ ಹೋಯಿತು. ಕಪ್ಪು ಕರಗಿ ಕಂದು ಬಣ್ಣ ಇಣುಕಿತು. ಎಡ ಮಗ್ಗುಲಲ್ಲಿ, ನಾನು ನೋಡುತ್ತಿದ್ದಂತೆ, ಅಚ್ಚುಕಟ್ಟಾದ ಮೂರು ಗೀರುಗಳು ಮೂಡಿದವು. ನಾನು ಬೆರಳಾಡಿಸಿದೆ. ಗಟ್ಟಿಯಾಗಿ, ಆಳವಾಗಿ ಇದ್ದವು. ಓಡಿಹೋಗಿ ಅಂಗಡಿಯಿಂದ ಅಪ್ಪನನ್ನು ಕರೆತಂದೆ. ಅಪ್ಪ ಬಗ್ಗಿ ನೋಡಿ, “ಹ್ಞೂಂ” ಎಂದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದಷ್ಟು ಬೆಳಕು ಕಾಣಲಿಲ್ಲ. ಆದರೆ ದಿನಚರಿಯಲ್ಲಿ ‘ಅಪ್ಪ ಬಹಳ ಸಂತೋಷಪಟ್ಟರು’ ಎಂದು ಬರೆದಿದ್ದೇನೆ.

ಮೂರು ದಿನ ಬಿಟ್ಟು ಎರಡನೆಯ ಎರೆತ. ಅವ್ವ ಈ ಸಲ ಸೀಗೆಯನ್ನು ಇನ್ನಷ್ಟು ಹೊತ್ತು ಬಿಟ್ಟಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ಮರ ಹಜಾರದ ನೆರಳಿನಲ್ಲಿ ಒಣಗುತ್ತಿತ್ತು. ಅಂಥ ಬಣ್ಣವನ್ನು ನಾನು ಕಂಡಿರಲಿಲ್ಲ. ಹದವಾಗಿ ಕಾಸಿದ ಜೋನಿಬೆಲ್ಲದ ಬಣ್ಣ, ಅದರೊಳಗೆ ಕಪ್ಪು ಎಳೆಗಳು ಹೊಳೆಯ ನೀರಿನ ಹಾಗೆ ಸುತ್ತಿ ಸುತ್ತಿ ಹರಿದಿದ್ದವು. ಅದರ ಎಡ ಮಗ್ಗುಲನ್ನು ತಿರುಗಿಸಿ ನೋಡಿದೆ. ನುಣ್ಣಗಿತ್ತು. ತಪ್ಪಾಯಿತೇನೋ ಎಂದು ಬಲ ಮಗ್ಗುಲನ್ನು ನೋಡಿದೆ. ಅದೂ ನುಣ್ಣಗಿತ್ತು.

“ಅವ್ವಾ, ಗೀರು ಎಲ್ಲಿ?”

“ಯಾವ ಗೀರು?”

“ಇಲ್ಲಿ ಮೂರು ಗೀರು ಇತ್ತಲ್ಲ.”

“ಅದಾ? ಅದು ನಿಮ್ಮಜ್ಜಿ ಹಚ್ಚಿದ್ದ ಈಬೂತಿ ಕಣ್ಲಾ, ಎಣ್ಣೇಲಿ ಕಲ್ಲಾಗಿ ಕುಂತಿತ್ತು. ಸೀಗೆಗೆ ನೆಂದು ಪೊರೆ ಪೊರೆಯಾಗಿ ಎದ್ದು ಬಂತು. ತುಳಿಬಾರ್ದು ಅಂತ ನೀರನ್ನ ಬಿಲ್ವದ ಮರದ ಬುಡಕ್ಕೆ ಹುಯ್ದೆ.”

ನಾನು ಬಿಲ್ವದ ಬುಡಕ್ಕೆ ಹೋಗಿ ನಿಂತೆ. ಮಣ್ಣು ಇನ್ನೂ ಬೂದುಬಣ್ಣಕ್ಕಿತ್ತು. ನಮ್ಮ ಬೆಟ್ಟದ ಹಿಂದಿನದೂ, ದೊಡ್ಡೇರಿಯದೂ, ಮದಲೂರು ಕೆರೆಯದೂ, ಮೂರು ಚಿರತೆಗಳೂ ಅಲ್ಲಿ ಇಂಗುತ್ತಿದ್ದವು. ಎಷ್ಟೋ ವರ್ಷದ ಹಿಂದೆ ಆ ಗುಮಾಸ್ತನ ಬೆರಳಿಗೆ ಸಿಕ್ಕಿದ್ದು ದಪ್ಪ ವಿಭೂತಿಯೊಳಗೆ ಇಳಿದಿದ್ದ ನನ್ನ ಅಜ್ಜಿಯ ಮೂರು ಬೆರಳಿನ ಗುರುತು. ಅವನು ಅದನ್ನು ಗೀರೆಂದು ಬರೆದ. ಸರ್ಕಾರದ ಪುಸ್ತಕದಲ್ಲಿ ಬರೆದದ್ದರಿಂದ ಅದು ಗೀರಾಯಿತು. ಚರಿತ್ರೆಯ ದೃಷ್ಟಿಯಿಂದ ಇದು ಬಹಳ ಸ್ವಾರಸ್ಯವಾದ ಸಂಗತಿ. ಆದರೆ ತನಿಖೆ ಹತ್ತಿರವಿತ್ತು. ಅಮಲ್ದಾರರ ಮುಂದೆ ಪುಸ್ತಕದಲ್ಲಿ ಗೀರು ಇರುತ್ತದೆ, ಬಂದೂಕಿನಲ್ಲಿ ಇರುವುದಿಲ್ಲ. ಗುರುತು ಕೂಡದ ಬಂದೂಕು ನಮ್ಮದಲ್ಲ. ಕೊಳಕಾಗಿದ್ದರೆ ಹೋಗಬಹುದಾಗಿದ್ದ ಬಂದೂಕು ನಾನು ತೊಳೆದದ್ದರಿಂದ ಖಂಡಿತವಾಗಿ ಹೋಗುವ ಹಾಗಾಯಿತು.

ಅಪ್ಪನಿಗೆ ನಾನು ಹೇಳಲಿಲ್ಲ. ಸತ್ಯಕ್ಕಾಗಿ ತಾಯಿಯ ಪ್ರೀತಿಯನ್ನೇ ಕಳೆದುಕೊಂಡವನು ಅದೆಷ್ಟು ಸುಲಭವಾಗಿ ಮರದ ಎಡ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟನೆಂದು ನೆನೆದರೆ ನನಗೇ ಆಶ್ಚರ್ಯ. ಅಪ್ಪ ಬಂದಾಗಲೆಲ್ಲ ಬಲ ಮಗ್ಗುಲನ್ನೇ ತೋರಿಸಿ ಅದರ ಎಳೆಗಳನ್ನು ಹೊಗಳುತ್ತಿದ್ದೆ. ಕೆಲಸ ಮಾತ್ರ ನಿಲ್ಲಿಸಲಿಲ್ಲ. ಹಿತ್ತಿಲ ಪಾರಿಜಾತದ ಎಲೆ ಬೆಕ್ಕಿನ ನಾಲಿಗೆಯಂತೆ ಒರಟು. ಒಣಗಿದ ಎಲೆಗಳನ್ನು ಆರಿಸಿ ಎಳೆಯ ದಿಕ್ಕಿನಲ್ಲೇ ದಿನಾ ತಿಕ್ಕಿದೆ. ನನ್ನ ಬೆರಳ ತುದಿಗಳು ಸವೆದು, ಶಾಲೆಯಲ್ಲಿ ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ಆ ಉರಿಯಲ್ಲೂ ಒಂದು ಸುಖವಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಕೈ ನನಗೆ ಬರೆಯುವುದಲ್ಲದೆ ಬೇರೆ ಏನನ್ನೋ ಹೇಳುತ್ತಿತ್ತು.

ಎರಡನೆಯ ಸಲ ಸಿರಾಕ್ಕೆ ಹೋದಾಗ ಇಮಾಂ ಸಾಬರು ಮರವನ್ನು ಬಾಗಿಲ ಬೆಳಕಿಗೆ ಹಿಡಿದು ಎರಡೂ ಮಗ್ಗುಲನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಧೈರ್ಯ ಮಾಡಿ, ಇಲ್ಲಿ ಹಿಂದೆ ಯಾವಾಗಲಾದರೂ ಗೀರು ಕೊರೆದದ್ದುಂಟೇ ಎಂದು ಕೇಳಿದೆ.

“ಈ ಮರಕ್ಕೆ ಯಾರೂ ಚಾಕು ತಾಗಿಸಿಲ್ಲ. ತಾಗಿಸಿದ್ರೆ ಎಳೆ ಕಡಿದಿರೋದು” ಎಂದರು. ಆಮೇಲೆ ಮರದ ಬುಡವನ್ನು ನನ್ನ ಕಡೆಗೆ ತಿರುಗಿಸಿದರು. “ಇಲ್ಲಿ ನೋಡಿ. ಕಬ್ಬಿಣದ ತಗಡು ಒಂದು ಮೂಲೇಲಿ ಸವೆದಿದೆ, ಪಕ್ಕದ ಮರವೂ ಸವೆದಿದೆ. ಗುಂಡು ಹಾರಿಸೋರ ಬಂದೂಕು ಕೆನ್ನೆ ತಾಗೋ ಜಾಗದಲ್ಲಿ ಸವೀತದೆ. ಅಲ್ಲಿ ಏನೂ ಇಲ್ಲ. ಇದು ಕಲ್ಲು ಚಪ್ಪಡಿ ಮೇಲೆ ನಿಂತಿದ್ದ ಬಂದೂಕು. ವರ್ಷಾನುವರ್ಷ ಒಂದೇ ಜಾಗದಲ್ಲಿ. ನಿಮ್ಮ ತಾತ ಪಹರೆ ಮಾಡ್ತಿದ್ರಾ?”

“ಖಜಾನೆಯ ಬಾಗಿಲಲ್ಲಿ ಇದ್ದರೆಂದು ಅಜ್ಜಿ ಹೇಳುತ್ತಿದ್ದಳಂತೆ.”

“ಮತ್ತೆ? ಹೊಡೆಯೋದು ಒಂದು ಕ್ಷಣದ ಕೆಲಸ ಮೇಷ್ಟ್ರೇ. ನಿಲ್ಲೋದು ನೋಡಿ, ಅದು ಕಷ್ಟ. ಕಬ್ಬಿಣ ಸವೆಯೋ ತನಕ ನಿಂತಿದ್ದಾರೆ.”

ಅವರು ಕೊಟ್ಟ ಅಗಸೆ ಎಣ್ಣೆಯ ಸೀಸೆಯನ್ನು ಹಿಡಿದು ಮೋಟಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಹೆಬ್ಬೆರಳು ಆ ಸವೆದ ಮೂಲೆಯ ಮೇಲೇ ಇತ್ತು. ಚಿರತೆಗಳಿದ್ದಾಗ ತಾತ ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ.

ದಿನಕ್ಕೊಂದು ಸಲ, ಬೆರಳ ತುದಿಯಷ್ಟು ಎಣ್ಣೆ, ಅಂಗೈ ಬಿಸಿಯಾಗುವವರೆಗೂ ತಿಕ್ಕುವುದು, ಒರೆಸಿ ಒಣಗಲು ಬಿಡುವುದು. ಇದೇ ಇಮಾಂ ಸಾಬರ ಕ್ರಮ. ಒಂದೊಂದು ಕೈಗೂ ಮರ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುತ್ತ ಹೋಯಿತು. ತನಿಖೆಗೆ ಎರಡು ದಿನ ಉಳಿದಾಗ ನಾನು ಪೆನ್ಸಿಲು ಕೆತ್ತುವ ಚಾಕುವನ್ನು ಹಿಡಿದು ಮರದ ಮುಂದೆ ಕೂತೆ. ಮೂರು ಗೀರು ಎಷ್ಟು ಹೊತ್ತಿನ ಕೆಲಸ? ಅಪ್ಪನ ಮಾನ, ಬಂದೂಕು, ಸರ್ಕಾರದ ದಾಖಲೆ, ಎಲ್ಲವೂ ಉಳಿಯುತ್ತಿದ್ದವು. ಚಾಕುವಿನ ಮೊನೆಯನ್ನು ಎಡ ಮಗ್ಗುಲಿಗೆ ತಂದೆ. ಆದರೆ ಕೊರೆಯಲಾಗಲಿಲ್ಲ. ನಾನು ಸುಳ್ಳಿಗೆ ಹೆದರಿದೆನೆಂದು ದಯವಿಟ್ಟು ಭಾವಿಸಬೇಡಿ. ಅಷ್ಟು ಚೆನ್ನಾಗಿ ಮೆರುಗು ಬಂದಿದ್ದ ಮರ ಹಾಳಾಗುತ್ತದಲ್ಲಾ ಎಂದು ಹೆದರಿದೆ. ನನ್ನ ಸತ್ಯನಿಷ್ಠೆಯನ್ನು ಆ ದಿನ ಕಾಪಾಡಿದ್ದು ಅಗಸೆ ಎಣ್ಣೆ.

ತನಿಖೆಯ ದಿನ ಕಚೇರಿಯ ಜಗಲಿಯಲ್ಲಿ ಹತ್ತು ಹನ್ನೆರಡು ಬಂದೂಕುಗಳು ಸೇರಿದ್ದವು. ಅಪ್ಪ ಆ ದಿನ, ಕಮ್ಮಾರ ಮತ್ತೆ ಜೋಡಿಸಿಕೊಟ್ಟ ಬಂದೂಕನ್ನು ಪೇಟೆಬೀದಿಯ ನಡುವೆಯೇ, ಹೆಗಲ ಮೇಲಿಟ್ಟುಕೊಂಡು ಬಂದಿದ್ದರು. ದಾರಿಯಲ್ಲಿ ಇಬ್ಬರು ಮೂವರು ಅಂಗಡಿಯಿಂದ ಇಳಿದು ಬಂದು ಮುಟ್ಟಿ ನೋಡಿದರು. “ನನ್ ಮಗ ಮಾಡಿದ್ದು” ಎಂದು ಅಪ್ಪ ಪ್ರತಿಯೊಬ್ಬರಿಗೂ ಹೇಳಿದರು. ನಾನು ಅವರ ಎಡಗಡೆಯಲ್ಲಿ, ಆ ಮಗ್ಗುಲನ್ನು ಆದಷ್ಟು ಮರೆಮಾಡುತ್ತ ನಡೆದೆ.

ಅಮಲ್ದಾರರು ಬಂದೂಕನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ಅಂಗೈಗೆ ಏನೂ ಅಂಟಲಿಲ್ಲ. ಅವರು ಮರವನ್ನು ಬೆಳಕಿಗೆ ಹಿಡಿದು, “ಇದು ಹೋದ ವರ್ಷದ್ದೇ ಬಂದೂಕೇನ್ರೀ?” ಎಂದು ಶಿರಸ್ತೇದಾರರನ್ನು ಕೇಳಿದರು. ಶಿರಸ್ತೇದಾರರು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: “ಮರದ ಎಡ ಮಗ್ಗುಲಲ್ಲಿ ಮೂರು ಗೀರು.”

ಅಮಲ್ದಾರರು ಎಡ ಮಗ್ಗುಲನ್ನು ತಿರುಗಿಸಿದರು. ಬೆರಳಾಡಿಸಿದರು. ಮತ್ತೊಮ್ಮೆ ಬೆರಳಾಡಿಸಿದರು. “ಗೀರು ಎಲ್ಲಿದೆ?”

ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. ಸೊಂಟದ ಸಂಚಿಯಿಂದ ವಿಭೂತಿಯ ಗಟ್ಟಿಯನ್ನು ತೆಗೆದು, ಮೂರು ಬೆರಳನ್ನು ಅದರ ಮೇಲೆ ಉಜ್ಜಿ, “ಅಪ್ಪಣೆ ಕೊಡಿ ಸ್ವಾಮಿ” ಎಂದು ಅಮಲ್ದಾರರ ಕೈಯಲ್ಲಿದ್ದ ಬಂದೂಕಿನ ಎಡ ಮಗ್ಗುಲಿಗೆ ನಿಧಾನವಾಗಿ ಎಳೆದರು. ಜೋನಿಬೆಲ್ಲದ ಬಣ್ಣದ ಮೇಲೆ ಮೂರು ಬಿಳಿಯ ಪಟ್ಟೆಗಳು ಎದ್ದು ನಿಂತವು.

“ಗುರುತು ಇದೇ ಸ್ವಾಮಿ. ನಮ್ಮವ್ವ ಹಾಕ್ತಿದ್ಲು. ಆಗಿನ ಗುಮಾಸ್ತರು ಗೀರು ಅಂತ ಬರ್ಕಂಡ್ರು. ನಮ್ಮಪ್ಪ ಖಜಾನೆ ಬಾಗ್ಲಲ್ಲಿ ಹದಿನೆಂಟು ವರ್ಷ ಇದನ್ನ ಹಿಡ್ಕಂಡು ನಿಂತಿದ್ರು. ಒಂದು ಗುಂಡೂ ಹಾರಿಸ್ಲಿಲ್ಲ, ಒಂದು ಕಾಸೂ ಕಳೀಲಿಲ್ಲ. ಬುಡದಲ್ಲಿ ಸವೆದಿರೋದು ಅದೇ. ಬೇಕಾದ್ರೆ ಆ ಗುರುತು ಬರ್ಕಳಿ.”

ಅಮಲ್ದಾರರು ಬಂದೂಕನ್ನು ತಲೆಕೆಳಗು ಮಾಡಿ ಸವೆದ ಮೂಲೆಯನ್ನು ನೋಡಿದರು. ಕಬ್ಬಿಣದ ಮೇಲಿನ ನಂಬರನ್ನು ಪುಸ್ತಕದ ನಂಬರಿಗೆ ತಾಳೆ ನೋಡಿಸಿದರು. ಅದು ಕೂಡಿತು. ಮೊದಲೇ ಯಾರಾದರೂ ಅದನ್ನು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅಮಲ್ದಾರರು ಶಿರಸ್ತೇದಾರರಿಗೆ, “ಬರೆಯಿರಿ. ಗೀರು ಎಂಬುದನ್ನು ಹೊಡೆದುಹಾಕಿ. ಬುಡದ ಒಂದು ಮೂಲೆ ಪಹರೆಯಿಂದ ಸವೆದಿದೆ. ಮರ ಉತ್ತಮ ಸ್ಥಿತಿಯಲ್ಲಿದೆ” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, “ಈ ಮೆರುಗು ಯಾರು ಕೊಟ್ಟದ್ದು ಸಾಹುಕಾರ್ರೇ?” ಎಂದು ಕೇಳಿದರು. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟರು. ನನಗೆ ಪದವಿ ಬಂದ ದಿನ ಅವರು ಅಷ್ಟು ಗಟ್ಟಿಯಾಗಿ ಕೈಯಿಟ್ಟಿರಲಿಲ್ಲ.

ವಾಪಸು ಬರುವಾಗ ನಾನು ಕೇಳಿದೆ, “ಗೀರು ಹೋದದ್ದು ನಿಮಗೆ ಗೊತ್ತಿತ್ತೇ?”

“ಬಿಲ್ವದ ಬುಡ ಬೂದಿ ಆಗಿತ್ತಲ್ಲೋ. ಮೊದ್ಲಿಂದ್ಲೂ ಅದು ಈಬೂತಿ ಅಂತ ನಂಗೊತ್ತು. ನಮ್ಮವ್ವ ಹಚ್ಚದು ನಾನು ನೋಡಿಲ್ವಾ?”

“ಮತ್ತೆ ಮೂರು ಚಿರತೆ ಎಂದು ಇಷ್ಟು ವರ್ಷ ಯಾಕೆ ಹೇಳಿದಿರಿ?”

ಅಪ್ಪ ನಿಂತುಬಿಟ್ಟರು. ನಿಜವಾಗಿ ಆಶ್ಚರ್ಯಪಟ್ಟವರಂತೆ ನನ್ನನ್ನು ನೋಡಿದರು. “ಲೇ, ಆ ಚಿರತೆ ನಂದಲ್ಲ ಕಣ್ಲಾ, ನಿಂದು. ಸಣ್ಣೋನಿದ್ದಾಗ ಲೈಸೆನ್ಸು ಪುಸ್ತಕ ಓದ್ಕಂಡು ಹೋಗಿ ಇಸ್ಕೂಲಲ್ಲಿ ಅದೇನೋ ಬರ್ದೆ. ನಿಮ್ ಮೇಷ್ಟ್ರು ಪೇಟೆಗೆಲ್ಲಾ ಹೇಳ್ಕಂಡು ಬಂದ್ರು. ಅಂಗ್ಡಿಗೆ ಬಂದೋರು, ಹೌದಾ ಸಾಹುಕಾರ್ರೇ ಅಂದ್ರು. ಹುಡ್ಗ ಅಷ್ಟು ಚೆನ್ನಾಗಿ ಬರ್ದವ್ನೆ, ಅಪ್ಪ ಆಗಿ ಇಲ್ಲ ಅನ್ನಕ್ಕಾಯ್ತದಾ? ನಾನು ಸೇರ್ಸಿದ್ದು ಮದಲೂರು ಕೆರೆ ಒಂದೇ.”

ಮನೆಗೆ ಬಂದು ನನ್ನ ಮೊಟ್ಟಮೊದಲ ದಿನಚರಿಯನ್ನು ಹುಡುಕಿ ತೆಗೆದೆ. ಹತ್ತು ವರ್ಷದ ಹುಡುಗನ ಅಕ್ಷರ. ‘ಈ ದಿನ ಪ್ರಬಂಧದಲ್ಲಿ ತಾತ ಮೂರು ಚಿರತೆ ಹೊಡೆದ ಹಾಗೆ ಬರೆದೆನು. ಮೇಷ್ಟರು ಬಹಳ ಚೆನ್ನಾಗಿದೆ ಎಂದರು. ನನಗೂ ನಿಜವೆಂದೇ ತೋರಿತು.’ ಇಷ್ಟು ವರ್ಷ ಎಲ್ಲರ ನೆನಪಿನ ಮುಂದೆಯೂ ಈ ಪುಸ್ತಕಗಳನ್ನು ತೆರೆದು ಓದಿದ್ದ ನಾನು ಈ ಒಂದು ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ತಾತನ ತೊಡೆಯ ಮೇಲೆ ಕೂತು ಕೇಳಿದ ಹಾಗಿದ್ದ ಆ ನೆನಪು ಎಲ್ಲಿಂದ ಬಂತೆಂದು ಈಗ ಯಾರನ್ನು ಕೇಳಲಿ?

ಈಗ ಬಂದೂಕು ಗೂಟದ ಮೇಲಿದೆ. ಆಯುಧಪೂಜೆಯ ದಿನ ಅವ್ವ ಮೂರು ಪಟ್ಟೆ ಎಳೆಯುತ್ತಾಳೆ. ಮಾರನೆಯ ದಿನ ಒರೆಸಿ ಅಗಸೆ ಎಣ್ಣೆ ಹಚ್ಚುವ ಹಕ್ಕು ನನ್ನದು. ಅಂಗಡಿಯಲ್ಲಿ ಅಪ್ಪ ಚಿರತೆಯ ಕತೆಯನ್ನು ಬಿಟ್ಟು, ನನ್ನ ಮಗ ನಲವತ್ತು ದಿನ ಊಟ ನಿದ್ರೆ ಬಿಟ್ಟು ಮರ ತಿಕ್ಕಿದ ಎಂಬ ಕತೆಯನ್ನು ಹಿಡಿದಿದ್ದಾರೆ. ಗಜಕಡ್ಡಿ ಈಗ ಹೆಗಲಿಗೇರುವುದಿಲ್ಲ, ತೊಡೆಯ ಮೇಲೆ ಮಲಗಿ ಅಂಗೈಯಿಂದ ತಿಕ್ಕಿಸಿಕೊಳ್ಳುತ್ತದೆ. ಈ ಪ್ರಬಂಧದ ಮೊದಲಿಗೆ ನಾನೂ ನಲವತ್ತು ದಿನವೆಂದೇ ಬರೆದಿದ್ದೇನೆ. ಬರೆದು ಮುಗಿಸಿದ ಮೇಲೆ ಅಭ್ಯಾಸಬಲದಿಂದ ದಿನಚರಿ ತೆಗೆದು ಎಣಿಸಿ ನೋಡಿದೆ. ಇಪ್ಪತ್ತಾರು. ಲೇಖನಿಯನ್ನು ಶಾಯಿಯಲ್ಲಿ ಅದ್ದಿ ನಲವತ್ತರ ಹತ್ತಿರ ತಂದೆ. ಆದರೆ ಆ ಸಾಲು ಓದಲು ಬಹಳ ಚೆನ್ನಾಗಿತ್ತು. ಹಾಗೇ ಬಿಟ್ಟೆ.